ಮೂರು ಅಮಾವಾಸ್ಯೆ, ಮೂರು ಭಜ್ಜಿ

ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಅಂಗಳದಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡ ಸುದ್ದಿ ಬಂದಾಗ 2023ರ ಡಿಸೆಂಬರ್ ಮುಗಿಯಲು ಬಂದಿತ್ತು. ಹೊಲಕ್ಕೆ ಹೋಗಿ ಪೂಜೆ ಮಾಡಿ ಅಲ್ಲೇ ಉಂಡು ಬರುವ ಎಳ್ಳ ಅಮಾವಾಸ್ಯೆಗೆ ಇನ್ನು ಎರಡು ವಾರ. ಅಣ್ಣ ಫೋನಿನಲ್ಲಿ ಹೇಳಿದ್ದು ಎರಡೇ ಮಾತು. "ಪ್ಲಾಸ್ಟರ್ ಹಾಕ್ಯಾರ. ಈ ಸಲ ಹೊಲಕ್ಕ ಭಜ್ಜಿ ಇಲ್ಲ, ಬರೇ ಕಾಯಿ ಒಡದು ಬರ್ತೀವಿ."

"ಭಜ್ಜಿ ನಾ ಮಾಡ್ತೀನಿ" ಅಂದುಬಿಟ್ಟೆ.

ಅಣ್ಣ ಏನೂ ಹೇಳಲಿಲ್ಲ. ಫೋನು ವೈನಿ ಕೈಗೆ ಕೊಟ್ಟ. "ಮಾಸ್ತರ, ನೀ ಚಹಾ ಮಾಡಿದ್ದೂ ನಾ ನೋಡಿಲ್ಲ" ಅಂದರು ವೈನಿ. ಕೈ ನೋವಿನಲ್ಲೂ ನಗು ತಡೆಯಲು ಅವರಿಗೆ ಆಗಿರಲಿಲ್ಲ.

ಅವರು ನೋಡಿಲ್ಲ ಅಷ್ಟೇ. ನಾನು ಕಲಬುರಗಿಯಲ್ಲಿ ಹೈಸ್ಕೂಲ್ ವಿಜ್ಞಾನದ ಮಾಸ್ತರ. ಹೆಂಡತಿ ಬೆಳಿಗ್ಗೆ ಎಂಟೂವರೆಗೆ ಆಫೀಸಿಗೆ ಹೊರಡುತ್ತಾಳೆ. ಹಾಗಾಗಿ ಬೆಳಗಿನ ಉಪ್ಪಿಟ್ಟು, ಸುಸಲಾ ನನ್ನವು, ರಾತ್ರಿಯ ಅನ್ನ ಸಾರೂ ನನ್ನದೇ. ಪುಂಡಿ ಪಲ್ಯ ಚಲೋ ಮಾಡುತ್ತೇನೆ ಅಂತ ಅವಳೇ ಒಪ್ಪಿಕೊಂಡಿದ್ದಾಳೆ. ಊರಿಗೆ ಹೋದಾಗ ಮಾತ್ರ ನನ್ನನ್ನು ಯಾರೂ ಅಡಿಗೆ ಮನೆ ಹೊಸ್ತಿಲು ದಾಟಲು ಬಿಡುವುದಿಲ್ಲ.

ಭಜ್ಜಿ ಅಂದ ಕೂಡಲೇ ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿ ಭಜ್ಜಿ ನಿಮಗೆ ನೆನಪಾದರೆ ತಪ್ಪಲ್ಲ. ನನ್ನ ಹೆಂಡತಿ ವಿಜಯಪುರದವಳು. ಮದುವೆಯಾದ ವರ್ಷ ಎಳ್ಳ ಅಮಾವಾಸ್ಯೆಗೆ ಊರಿಗೆ ಹೋಗಿದ್ದೆವು. "ಭಜ್ಜಿ ಕುದಿಲಕತ್ತದ, ನೋಡವ್ವ" ಅಂತ ವೈನಿ ಹೇಳಿದಾಗ ಇವಳು ಒಳಗೆ ಹೋಗಿ ಬಾಣಲೆ ಹುಡುಕಿದ್ದಳಂತೆ. ಭಜ್ಜಿ ಹೆಂಗ ಕುದೀತದ ಅಂತ! ಹುಮನಾಬಾದ್ ತಾಲೂಕಿನ ನಮ್ಮೂರಲ್ಲಿ, ಇಡೀ ಬೀದರ್ ಜಿಲ್ಲೆಯಲ್ಲಿ, ಕಲಬುರಗಿಯ ಆಳಂದ, ಚಿಂಚೋಳಿ ಕಡೆ ಎಳ್ಳ ಅಮಾವಾಸ್ಯೆಯ ಭಜ್ಜಿ ಕುದಿಯುವುದೇ. ಆ ಹೊತ್ತಿಗೆ ಹೊಲದಲ್ಲಿ ಸಿಗುವ ಹಸಿ ಕಾಳು, ಸೊಪ್ಪು, ಕಾಯಿ ಎಲ್ಲ ಒಂದೇ ಪತೇಲಿಗೆ ಹಾಕಿ, ಕಡಲೆ ಹಿಟ್ಟು ಮಜ್ಜಿಗೆಯಲ್ಲಿ ಕದಡಿ ಬಿಟ್ಟು, ಗಟ್ಟಿಯೂ ಅಲ್ಲದ ತೆಳ್ಳಗೂ ಅಲ್ಲದ ಹದಕ್ಕೆ ಕುದಿಸುವ ಪಲ್ಯ ಅದು. ಮರಾಠಿಯಲ್ಲಿ ಭಾಜಿ ಅಂದರೆ ಕಾಯಿಪಲ್ಯ. ಆ ಹೆಸರೇ ಇದಕ್ಕೆ ಬಿದ್ದಿದೆ ಅಂತ ನನ್ನ ಅಂದಾಜು. ಗಡಿ ಆಚೆ ಲಾತೂರ, ಉದಗೀರದಲ್ಲೂ ಅದೇ ದಿನ ವೇಳ ಅಮಾವಾಸ್ಯೆ ಅಂತ ಹೊಲಕ್ಕೆ ಹೋಗುತ್ತಾರೆ. ಅಲ್ಲೂ ಇದೇ ಭಜ್ಜಿ, ಇದೇ ಅಂಬಲಿ. ಉದಗೀರ 1956ರವರೆಗೆ ಬೀದರ್ ಜಿಲ್ಲೆಯಲ್ಲೇ ಇತ್ತು. ರಾಜ್ಯ ಬೇರೆ ಆಯಿತು, ಪತೇಲಿ ಬೇರೆ ಆಗಲಿಲ್ಲ.

ಊರಲ್ಲಿ ಮಾನ ಹೋಗಬಾರದು ಅಂತ ಮೊದಲು ಮನೆಯಲ್ಲೇ ಒಂದು ಸಲ ಮಾಡಿ ನೋಡಲು ಹೊರಟೆ. 2024ರ ಜನವರಿ 7, ಭಾನುವಾರ. ಅಮಾವಾಸ್ಯೆ 11ಕ್ಕೆ, ಗುರುವಾರ. ಬೆಳಿಗ್ಗೆ ಕಣ್ಣಿ ಮಾರ್ಕೆಟ್‌ಗೆ ಹೋಗಿ ಕೈಚೀಲ ತುಂಬಿಕೊಂಡು ಬಂದೆ. ಮೆಂತ್ಯೆ, ಪಾಲಕ್, ಚುಕ್ಕಾ, ಉಳ್ಳಾಗಡ್ಡಿ ತಪ್ಪಲು, ಗಜ್ಜರಿ, ಬದನೆಕಾಯಿ, ಅವರೆಕಾಯಿ, ಬಟಾಣಿ. ತೊಗರಿ ಮಾತ್ರ ಕಾಯಿ ತರಲಿಲ್ಲ. ಸುಲಿದ ಕಾಳನ್ನೇ ಪಾಲಿಥಿನ್ ಚೀಲದಲ್ಲಿ ಮಾರುತ್ತಿದ್ದರು, ಅದನ್ನೇ ತಂದೆ. ಸುಲಿಯುವ ಕೆಲಸ ಯಾರಿಗೆ ಬೇಕು ಅಂತ. ಮೊದಲನೇ ತಪ್ಪು ಅಲ್ಲೇ ಆಯಿತು. ಆ ಕಾಳು ಬಾಡದಿರಲಿ ಅಂತ ನೀರಲ್ಲಿ ಇಟ್ಟಿರುತ್ತಾರೆ. ನೋಡಲು ಉಬ್ಬಿ ಹೊಳೆಯುತ್ತದೆ. ಬಾಯಿಗೆ ಹಾಕಿಕೊಂಡರೆ ತೊಗರಿಯ ಆ ಸಣ್ಣ ಸಿಹಿ ಇಲ್ಲ, ಬರೀ ಹಿಟ್ಟು.

ಎರಡನೇ ತಪ್ಪು ಕುಕ್ಕರ್. ಎಲ್ಲವನ್ನೂ ಒಟ್ಟಿಗೆ ಹಾಕಿದೆ. ಕಾಳು, ಸೊಪ್ಪು, ಬದನೆಕಾಯಿ, ಹಸಿಮೆಣಸು, ಬೆಳ್ಳುಳ್ಳಿ, ಉಪ್ಪು, ಜೊತೆಗೆ ನಿಂಬೆ ಗಾತ್ರದ ಹುಣಸೆ ಹಣ್ಣಿನ ರಸ. ಮೂರು ಸೀಟಿ ಹೊಡೆಸಿದೆ. ಮುಚ್ಚಳ ತೆಗೆದರೆ ಸೊಪ್ಪು ಕೆಸರಿನ ಬಣ್ಣಕ್ಕೆ ತಿರುಗಿತ್ತು. ಬದನೆಕಾಯಿ ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ. ತೊಗರಿ ಕಾಳು ಮಾತ್ರ ಹಲ್ಲಿಗೆ ಕಟುಂ ಅಂತಿತ್ತು. ಮತ್ತೆ ಎರಡು ಸೀಟಿ ಹೊಡೆಸಿದೆ. ಸೊಪ್ಪು ಇನ್ನಷ್ಟು ಕೆಟ್ಟಿತು, ಕಾಳು ಹಾಗೇ ಇತ್ತು.

ಹೆಂಡತಿ ಒಂದು ಚಮಚ ತಿಂದು, "ರೀ, ಏಳನೇ ಕ್ಲಾಸಿನ ಮಕ್ಕಳಿಗೆ ಆಮ್ಲ, ಪ್ರತ್ಯಾಮ್ಲ ಕಲಸ್ತೀರಲ್ಲ?" ಅಂದಳು. ಅಷ್ಟೇ ಅಂದದ್ದು. ನನಗೆ ಆಗ ತಲೆಗೆ ಹೋಯಿತು. ಹುಳಿ ಇದ್ದ ನೀರಲ್ಲಿ ಕಾಳು ಬೇಗ ಮೆತ್ತಗಾಗುವುದಿಲ್ಲ. ಕಾಳಿನ ಗೋಡೆಯನ್ನು ಹುಳಿ ಗಟ್ಟಿಯಾಗಿ ಹಿಡಿದಿಡುತ್ತದೆ. ಸಾರಿಗೆ ಹುಣಸೆ ಹಾಕುವಾಗ ಬೇಳೆ ಬೆಂದ ಮೇಲೇ ಹಾಕುತ್ತೇವಲ್ಲ, ಅದಕ್ಕೇ. ದಿನಾ ಮಾಡುವ ಕೆಲಸ, ಆದರೂ ಭಜ್ಜಿಯಲ್ಲಿ ಹೊಳೆಯಲಿಲ್ಲ. ಸಾಲದ್ದಕ್ಕೆ ಚುಕ್ಕಾ ಸೊಪ್ಪು ತಾನೇ ಹುಳಿ. ಅದನ್ನೂ ಮೊದಲೇ ಸುರಿದಿದ್ದೆ.

ರಾತ್ರಿ ವೈನಿಗೆ ಫೋನ್ ಮಾಡಿ ಎಲ್ಲ ಒಪ್ಪಿಕೊಂಡೆ. "ಕುಕ್ಕರ್‌ನ್ಯಾಗ?" ಅಂತ ಕೇಳಿದವರು ಮುಂದೆ ಏನೂ ಹೇಳಲಿಲ್ಲ. ಕೊನೆಗೆ, "ಗಟ್ಟಿದ್ದದ್ದು ಮೊದಲ, ಮೆತ್ತಂದು ಹಿಂದಿಂದ, ಹುಳಿ ಆಮ್ಯಾಲ, ಹಿಟ್ಟು ಎಲ್ಲಾಕಿಂತ ಆಮ್ಯಾಲ. ಇಷ್ಟ ನೆನಪಿಡು. ಉಳಿದದ್ದು ಬಂದಾಗ ಹೇಳ್ತೀನಿ" ಅಂದರು. ಅದನ್ನು ಶಾಲೆಯ ಡೈರಿಯ ಹಿಂದಿನ ಪುಟದಲ್ಲಿ ಬರೆದುಕೊಂಡೆ. ಇವತ್ತಿಗೂ ಯಾರಾದರೂ ಭಜ್ಜಿ ಹೇಗೆ ಅಂತ ಕೇಳಿದರೆ ಈ ಒಂದು ಸಾಲು ಮೊದಲು ಹೇಳುತ್ತೇನೆ.

ಬುಧವಾರ ಸಂಜೆ ಶಾಲೆ ಮುಗಿಸಿ, ಮಾರನೇ ದಿನಕ್ಕೆ ರಜೆ ಹಾಕಿ, ಕಮಲಾಪುರದ ಮೇಲೆ ಹೋಗುವ ಬಸ್ಸು ಹಿಡಿದೆವು. ಈಗ 2017ರಿಂದ ಕಲಬುರಗಿಯಿಂದ ಹುಮನಾಬಾದ್ ಮೇಲೆ ಬೀದರಿಗೆ ರೈಲೂ ಇದೆ. ನನಗೆ ಮಾತ್ರ ಬಸ್ಸೇ ಬೇಕು. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ತೆಗೆದುಕೊಳ್ಳದೆ ಊರಿಗೆ ಹೋದರೆ ಮಕ್ಕಳು ಮಾತಾಡಿಸುವುದಿಲ್ಲ.

ಮನೆ ಮುಟ್ಟಿದಾಗ ಪಡಸಾಲೆಯಲ್ಲಿ ಗೋಣಿತಟ್ಟು ಹಾಸಿ ತೊಗರಿ ಕಾಯಿ ಗುಡ್ಡೆ ಹಾಕಿದ್ದರು. ಅಣ್ಣನ ಮನೆಯವರು, ಪಕ್ಕದ ಮನೆ ಅಕ್ಕ, ಅವರ ಸೊಸೆ, ನಾಲ್ಕು ಮಕ್ಕಳು ಸುತ್ತ ಕೂತಿದ್ದರು. ನಾನೂ ಕೂತೆ. ತೊಗರಿ ಸುಲಿಯುವುದು ಬಟಾಣಿ ಸುಲಿದಂತೆ ಅಲ್ಲ. ಕಾಯಿಯ ಮೇಲೆ ಸಣ್ಣ ರೋಮ, ಒಂದು ಥರದ ಅಂಟು. ಹೆಬ್ಬೆರಳಿನ ಉಗುರಿನಿಂದ ಬೆನ್ನು ಸೀಳಬೇಕು. ಹತ್ತು ನಿಮಿಷಕ್ಕೆ ಉಗುರ ಸಂದಿ ಕಪ್ಪಾಗುತ್ತದೆ, ಬೆರಳಿಗೆ ಹಸಿ ವಾಸನೆ ಹತ್ತುತ್ತದೆ. ಎರಡು ಕಿಲೋ ಕಾಯಿ ಸುಲಿದರೆ ಒಂದು ಕಿಲೋ ಕಾಳೂ ತುಂಬುವುದಿಲ್ಲ. ನಾಲ್ಕರಲ್ಲಿ ಒಂದು ಕಾಯಿಯಲ್ಲಿ ಹುಳ. ಹುಳ ಕಂಡರೆ ಮಕ್ಕಳಿಗೆ ಹಬ್ಬ, ನನ್ನ ಹೆಂಡತಿಗೆ ಚೀರಾಟ. ಭಜ್ಜಿ ಕುದಿಸುವುದು ಒಂದೂವರೆ ತಾಸಿನ ಕೆಲಸ. ಸುಲಿಯುವುದು ಮಾತ್ರ ಮೂರು ತಾಸು. ಒಬ್ಬರೇ ಮಾಡುವ ಅಡಿಗೆ ಅಲ್ಲ ಇದು. ಪಾಲಿಥಿನ್ ಕಾಳು ತಂದಾಗ ನಾನು ಬಿಟ್ಟುಬಿಟ್ಟದ್ದು ಈ ಮೂರು ತಾಸನ್ನೇ.

ಕಲಬುರಗಿ ಅಂದರೆ ಎಲ್ಲರೂ ತೊಗರಿ ಬೇಳೆ ಅನ್ನುತ್ತಾರೆ. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆಯೂ ಸಿಕ್ಕಿತು. ಬೇಳೆ ಬಗ್ಗೆ ನನಗೂ ಅಭಿಮಾನ ಇದೆ, ಬಿಡಿ. ಆದರೆ ತೊಗರಿ ನಿಜವಾಗಿ ರುಚಿ ಇರುವುದು ಅದು ಬೇಳೆ ಆಗುವ ಮುಂಚೆ. ಹಸಿ ಕಾಯಿ ಉಪ್ಪು ಹಾಕಿ ಕುದಿಸಿ ತಿಂದವರಿಗೆ ನಾನು ಏನು ಹೇಳುತ್ತಿದ್ದೇನೆ ಅಂತ ಗೊತ್ತಾಗುತ್ತದೆ.

ಬೆಳಿಗ್ಗೆ ಐದಕ್ಕೆ ವೈನಿ ಎಬ್ಬಿಸಿದರು. ಚಳಿ ಅಂದರೆ ಚಳಿ. ಹಿತ್ತಲಲ್ಲಿ ಒಲೆ ಹೂಡಿ, ದೊಡ್ಡ ಪತೇಲಿಯ ಹೊರಗಡೆ ಮಣ್ಣು ಸವರಿ ಇಟ್ಟಿದ್ದರು. ಮಸಿ ಹಿಡಿದರೂ ತೊಳೆಯಲು ಸಲೀಸು ಆಗಲಿ ಅಂತ. ವೈನಿ ಪ್ಲಾಸ್ಟರ್ ಕೈಯನ್ನು ಹಳೇ ಸೀರೆ ತುಂಡಿನಲ್ಲಿ ಕೊರಳಿಗೆ ಕಟ್ಟಿಕೊಂಡು, ಒಲೆ ಬಳಿ ಮಣೆ ಹಾಕಿಕೊಂಡು ಕೂತರು. ಹೇಳುವುದು ಅವರು, ಮಾಡುವುದು ನಾನು.

ಇಪ್ಪತ್ತು ಮಂದಿಗೆ ನಾವು ಹಾಕಿದ ಲೆಕ್ಕ ಹೀಗಿತ್ತು. ತೊಗರಿ ಕಾಳು ಹತ್ತಿರ ಹತ್ತಿರ ಒಂದು ಕಿಲೋ, ಅವರೆ ಅರ್ಧ, ಬಟಾಣಿ ಅರ್ಧ, ಹಸಿ ಕಡಲೆ ಅರ್ಧ. ಒಂದು ಬಟ್ಟಲು ಶೇಂಗಾ ರಾತ್ರಿಯೇ ನೆನೆಸಿದ್ದು. ಗಜ್ಜರಿ ನಾಲ್ಕು, ಸಣ್ಣ ಬದನೆಕಾಯಿ ಆರು, ಬಾರಿಕಾಯಿ (ಬೋರೆಕಾಯಿ) ಒಂದು ಹಿಡಿ. ಮೆಂತ್ಯೆ ನಾಲ್ಕು ಕಟ್ಟು, ಪಾಲಕ್ ಎರಡು, ಚುಕ್ಕಾ ಎರಡು, ಉಳ್ಳಾಗಡ್ಡಿ ತಪ್ಪಲು ಎರಡು. ಸಬ್ಬಸಿಗೆ ಅರ್ಧ ಕಟ್ಟು ಸಾಕು, ಜಾಸ್ತಿ ಆದರೆ ಅದೊಂದೇ ಮೂಗಿಗೆ ಬಡಿಯುತ್ತದೆ. ಹಸಿಮೆಣಸು ಇಪ್ಪತ್ತೈದು, ಬೆಳ್ಳುಳ್ಳಿ ಮೂರು ಗಡ್ಡೆ, ಎರಡು ಚಮಚ ಜೀರಿಗೆ. ಇವನ್ನು ಮಿಕ್ಸಿಗೆ ಹಾಕಬಾರದು. ಕಲ್ಲಿನಲ್ಲಿ ತರಿತರಿ ಜಜ್ಜಬೇಕು. ನುಣ್ಣಗಾದರೆ ಖಾರ ಎಲ್ಲ ನೀರಿಗೆ ಇಳಿದು ಬಿಡುತ್ತದೆ, ಬೆಳ್ಳುಳ್ಳಿ ಕಹಿ ಬರುತ್ತದೆ. ಕಡಲೆ ಹಿಟ್ಟು, ಒಂದು ಲೀಟರ್ ಹುಳಿ ಮಜ್ಜಿಗೆ, ಹುಣಸೆ. ಎಣ್ಣೆ ನಮ್ಮದೇ ಹೊಲದಂಚಿನ ಕುಸುಬಿಯದು.

ಹಸಿ ಕಡಲೆ ಬಗ್ಗೆ ಒಂದು ಮಾತು. ಕಡಲೆ ಗಿಡ ಮುಟ್ಟಿದರೆ ಬೆರಳು ಚುರುಗುಟ್ಟುತ್ತದೆ, ನೆಕ್ಕಿದರೆ ಹುಳಿ. ಗಿಡವೇ ತನ್ನ ಎಲೆಯ ಮೇಲೆ ಹುಳಿ ಬಿಡುತ್ತದೆ. ಹಿಂದೆ ಹಿರಿಯರು ಬೆಳಗಿನ ಜಾವ ಇಬ್ಬನಿ ಇರುವಾಗಲೇ ಬಿಳಿ ಬಟ್ಟೆಯನ್ನು ಕಡಲೆ ಹೊಲದ ಮೇಲೆ ಎಳೆದು, ಹಿಂಡಿ, ಆ ಹುಳಿಯನ್ನು ಸೀಸೆಯಲ್ಲಿ ಇಡುತ್ತಿದ್ದರು. ಹೊಟ್ಟೆ ನೋವಿಗೆ ಕೊಡುತ್ತಿದ್ದರು. ವೈನಿ ಎಳೇ ಕಡಲೆ ಸೊಪ್ಪು ಒಂದು ಹಿಡಿ ಚಿವುಟಿ ತಂದಿದ್ದರು. ತೊಳೆಯಲು ಹೋದೆ. "ಭಾಳ ತೊಳಿಬ್ಯಾಡ, ರುಚಿ ಅಲ್ಲೇ ಅದ" ಅಂದರು.

ಮೊದಲು ಎಣ್ಣೆ. ಜೀರಿಗೆ, ಸಾಸಿವೆ ಚಟಪಟ ಅಂದ ಮೇಲೆ ಜಜ್ಜಿದ ಮಸಾಲೆಯಲ್ಲಿ ಅರ್ಧ ಮಾತ್ರ. ಘಮ ಬಂದ ಕೂಡಲೇ ತೊಗರಿ, ಶೇಂಗಾ, ಅವರೆ. ಅರಿಶಿನ. ಎರಡು ನಿಮಿಷ ಎಣ್ಣೆಯಲ್ಲೇ ಹೊರಳಿಸಿ, ಕಾಳು ಮುಳುಗಿ ನಾಲ್ಕು ಬೆರಳು ಮೇಲೆ ಬರುವಷ್ಟು ಬಿಸಿ ನೀರು. ಮುಚ್ಚಳ ಅರೆ ತೆರೆದೇ ಇರಬೇಕು. ಆ ವರ್ಷ ಅಮಾವಾಸ್ಯೆ ತಡವಾಗಿ ಬಂದಿತ್ತು, ತೊಗರಿ ಬಲಿತು ಹೋಗಿತ್ತು. ಬೇಯಲು ಮುಕ್ಕಾಲು ತಾಸು ಹಿಡಿಯಿತು. ಎಳೇ ಕಾಳಾದರೆ ಅರ್ಧ ತಾಸು ಸಾಕು. ಬೆಂದಿದೆಯಾ ಅಂತ ನೋಡಲು ವೈನಿ ಒಂದು ಕಾಳನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ಒತ್ತಿದರು. ಸಿಪ್ಪೆ ಹಾಗೇ ಉಳಿದು ಒಳಗಿನದು ಪಿಚಕ್ಕನೆ ಹೊರಬಂತು. "ಈಗ ಹಾಕು" ಅಂದರು.

ಆಮೇಲೆ ಬಟಾಣಿ, ಕಡಲೆ, ಗಜ್ಜರಿ, ಬದನೆಕಾಯಿ, ಬಾರಿಕಾಯಿ. ಹತ್ತು ನಿಮಿಷ ಬಿಟ್ಟು ಹೆಚ್ಚಿದ ಸೊಪ್ಪುಗಳು. ಸೊಪ್ಪು ಪತೇಲಿ ತುಂಬಿ ಮೇಲೆ ಬರುತ್ತದೆ, ಹೆದರಬೇಕಾಗಿಲ್ಲ. ಐದು ನಿಮಿಷಕ್ಕೆ ಕುಸಿದು ಎಲ್ಲಿ ಹೋಯಿತೋ ಅನ್ನುವ ಹಾಗೆ ಆಗುತ್ತದೆ. ಚುಕ್ಕಾ, ಕಡಲೆ ಸೊಪ್ಪು, ಹುಣಸೆ ರಸ, ಉಪ್ಪು ಅದರ ಹಿಂದೆ. ಉಳಿದ ಅರ್ಧ ಮಸಾಲೆಯೂ ಈಗಲೇ. ಮೊದಲು ಹಾಕಿದ್ದು ಘಮಕ್ಕೆ, ಈಗ ಹಾಕಿದ್ದು ಖಾರಕ್ಕೆ.

ಕೊನೆಗೆ ಹಿಟ್ಟು. "ಆರು ಮುಟಗಿ ಕಡ್ಲಿಹಿಟ್ಟು ಮಜ್ಜಿಗ್ಯಾಗ ಕಲಸು" ಅಂದರು ವೈನಿ. ತಣ್ಣನೆ ಮಜ್ಜಿಗೆಯಲ್ಲೇ ಕಲಸಬೇಕು. ಬಿಸಿಗೆ ಹಿಟ್ಟು ಬಿದ್ದರೆ ಗಂಟು ಕಟ್ಟುತ್ತದೆ, ಮತ್ತೆ ಯಾವ ದೇವರು ಬಂದರೂ ಒಡೆಯುವುದಿಲ್ಲ. ಹಿಟ್ಟು ಕಲಸಿದ್ದರಿಂದ ಇನ್ನೊಂದು ಲಾಭ ಇದೆ. ಬರೀ ಮಜ್ಜಿಗೆ ಕುದಿಸಿದರೆ ಒಡೆದು ಹೋಗುತ್ತದೆ, ಹಿಟ್ಟು ಅದನ್ನು ಹಿಡಿದಿಡುತ್ತದೆ. ನಾನು ಆರು ಮುಟಗಿ ಎಣಿಸಿ ಹಾಕಿದೆ, ಚೆನ್ನಾಗಿ ಕದಡಿದೆ, ಉರಿ ಸಣ್ಣಗೆ ಮಾಡಿ ಒಂದೇ ಕಡೆಗೆ ತಿರುವುತ್ತಾ ಸುರಿದೆ.

ಹತ್ತು ನಿಮಿಷಕ್ಕೆ ಸೌಟು ನೆಟ್ಟಗೆ ನಿಂತಿತು.

"ಏ ಮಾಸ್ತರ, ಇದು ಭಜ್ಜಿ ಅಲ್ಲೋ, ಝುಣಕ!" ಅಂತ ಅಣ್ಣ ನಕ್ಕಿದ್ದು ಓಣಿಗೆಲ್ಲ ಕೇಳಿರಬೇಕು. ಝುಣಕ ಅಂದರೆ ಕಡಲೆ ಹಿಟ್ಟಿನ ಗಟ್ಟಿ ಪಲ್ಯ. ವೈನಿಗೆ ಅರ್ಥ ಆಗಲಿಲ್ಲ. ಆರೇ ಮುಟಗಿ ಅಲ್ವಾ? ನಾನು ಮುಷ್ಟಿ ತೋರಿಸಿದೆ. ಅವರು ತಮ್ಮ ಎಡಗೈ ಮುಷ್ಟಿಯನ್ನು ಪಕ್ಕಕ್ಕೆ ಇಟ್ಟರು. ನನ್ನದರಲ್ಲಿ ಅವರದು ಮುಚ್ಚಿ ಹೋಗುವಷ್ಟಿತ್ತು. ಮಾಸ್ತರಿಕೆ ಬುದ್ಧಿ ಬಿಡುತ್ತದಾ? ಬೆಳ್ಳಿ ತೂಗುವ ಸಣ್ಣ ತಕ್ಕಡಿ ಅಣ್ಣನ ಹತ್ತಿರ ಇತ್ತು, ತರಿಸಿ ತೂಗಿದೆ. ವೈನಿಯ ಒಂದು ಮುಟಗಿ ಐವತ್ತು ಗ್ರಾಂ, ನನ್ನದು ಎಪ್ಪತ್ತೈದು. ಅವರ ಆರು, ನನ್ನ ನಾಲ್ಕು. ಡೈರಿಯಲ್ಲಿ ಎರಡನೇ ಸಾಲು ಬರೆದೆ. ಬಿಸಿ ನೀರು ಮಜ್ಜಿಗೆ ಬೆರೆಸಿ ಹದಕ್ಕೆ ತಂದು, ಇನ್ನು ಹದಿನೈದು ನಿಮಿಷ ಕುದಿಸಿದೆವು. ಹಿಟ್ಟಿನ ಹಸಿ ವಾಸನೆ ಹೋಗಲು ಅಷ್ಟು ಬೇಕೇ ಬೇಕು.

ಹದ ನೋಡುವುದು ಹೇಗೆ ಅಂತ ಕೇಳಿದೆ. ವೈನಿ ಒಂದು ಖಡಕ್ ರೊಟ್ಟಿ ತರಿಸಿ, ನಡುವೆ ಒಂದು ಸೌಟು ಹಾಕಿಸಿದರು. ಭಜ್ಜಿ ನಿಧಾನಕ್ಕೆ ಹರಡುತ್ತಾ ಹೋಗಿ ಅಂಚಿಗೆ ಎರಡು ಬೆರಳು ಇರುವಾಗ ನಿಂತಿತು. "ಹಿಂಗ ನಿಂದ್ರಬೇಕು. ಕೆಳಗ ಹರದ್ರ ಸಾರು, ಅಲ್ಲೇ ಕುಂತ್ರ ಝುಣಕ." ಇದಕ್ಕಿಂತ ಒಳ್ಳೆಯ ಅಳತೆ ನನಗೆ ಯಾವ ಅಡಿಗೆ ಪುಸ್ತಕದಲ್ಲೂ ಸಿಕ್ಕಿಲ್ಲ.

ಅಂಬಲಿಯ ಹೊಣೆ ಪಕ್ಕದ ಮನೆ ಅಕ್ಕನದು. ಹಿಂದಿನ ದಿನವೇ ಜೋಳದ ಹಿಟ್ಟು ಮಜ್ಜಿಗೆಯಲ್ಲಿ ಕಲಸಿ ಮಣ್ಣಿನ ಗಡಿಗೆಯಲ್ಲಿ ಹುಳಿ ಬರಲು ಇಟ್ಟಿದ್ದರು. ಬೆಳಿಗ್ಗೆ ಕುದಿಯುವ ನೀರಿಗೆ ಬಿಟ್ಟು ತಿರುವಿ, ಆರಿದ ಮೇಲೆ ಇನ್ನಷ್ಟು ಮಜ್ಜಿಗೆ, ಜಜ್ಜಿದ ಬೆಳ್ಳುಳ್ಳಿ, ಜೀರಿಗೆ, ಉಪ್ಪು. ಒಂದು ಪಾಲು ಹಿಟ್ಟಿಗೆ ಆರು ಪಾಲು ನೀರು. ಬಿಸಿ ಇರುವಾಗ ತೆಳ್ಳಗೆ ಕಂಡರೂ ಆರಿದರೆ ಗಟ್ಟಿ ಆಗುತ್ತದೆ. ಸಜ್ಜೆ ರೊಟ್ಟಿ, ಗೋಧಿ ಹುಗ್ಗಿ, ಶೇಂಗಾ ಹಿಂಡಿ ಇವೆಲ್ಲ ಇದ್ದವು, ನಾನು ಕೈ ಹಾಕಲಿಲ್ಲ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ನನ್ನ ಹೆಂಡತಿ ಬಡಿದಳು. ವಿಜಯಪುರದವರ ಕೈ ರೊಟ್ಟಿಗೆ ಚಲೋ ಅಂತ ವೈನಿಯೇ ಹೇಳಿದರು. ವೈನಿ ಬಾಯಿಂದ ಅಂಥ ಮಾತು ಸುಮ್ನೆ ಬರುವುದಿಲ್ಲ.

ಹೊಲದಲ್ಲಿ ಜೋಳ ಎದೆಮಟ್ಟ ನಿಂತಿತ್ತು. ಮಾಲ್ದಂಡಿ ಜೋಳ. ದಂಟಿನ ಕೊಂಪೆ ಕಟ್ಟಿ, ಒಳಗೆ ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರು ಅಂತ ಪೂಜೆ ಮಾಡಿದೆವು. ಅಣ್ಣ ಚರಗ, ಅಂದರೆ ನೈವೇದ್ಯದ ಅಡಿಗೆ, ಚೆಲ್ಲುತ್ತಾ ಹೊಲ ಸುತ್ತು ಹಾಕಿ ಬಂದ. ಆಮೇಲೆ ಊಟ. ಯಾರೂ ಹೊಗಳಲಿಲ್ಲ. ಎಲ್ಲರೂ ಎರಡನೇ ಸಲ ಹಾಕಿಸಿಕೊಂಡರು.

ಎರಡನೇ ವರ್ಷ ನನಗೆ ಧೈರ್ಯ ಜಾಸ್ತಿ ಆಗಿತ್ತು. 2024ರ ಡಿಸೆಂಬರ್ 30, ಸೋಮವಾರ. ವೈನಿ ಕೈ ಅಷ್ಟಿಷ್ಟು ಆಡುತ್ತಿತ್ತು, ದೊಡ್ಡ ಸೌಟು ತಿರುವಲು ಬರುತ್ತಿರಲಿಲ್ಲ. ಅವರು ಒಳಗೆ ಕಡಬು ಮಾಡುತ್ತಿದ್ದರು, ಹಿತ್ತಲ ಒಲೆ ಪೂರ್ತಿ ನನ್ನದು. ಎಲ್ಲ ಸರಿಯಾಗಿ ನಡೆಯಿತು. ಹಿಟ್ಟೂ ನಾಲ್ಕೇ ಮುಟಗಿ. ಹಿಟ್ಟು ಬಿಟ್ಟ ಮೇಲೆ ಉರಿ ಕಡಿಮೆ ಆಯಿತು ಅನ್ನಿಸಿ, ಪಕ್ಕದಲ್ಲಿದ್ದ ತೊಗರಿ ಕಟ್ಟಿಗೆ ಒಂದು ಹೊರೆ ತುರುಕಿದೆ. ತೊಗರಿ ಕಟ್ಟಿಗೆ ಭಗ್ ಅಂತ ಹತ್ತಿಕೊಳ್ಳುತ್ತದೆ, ಹಾಗೇ ಆರಿ ಹೋಗುತ್ತದೆ. ಒಲೆ ಹೊತ್ತಿಸಲು ಅದು ಚಲೋ, ಸಣ್ಣಗೆ ಕುದಿಸಲು ಅಲ್ಲ. ಕಾಳು ಬೇಯಿಸುವವರೆಗೆ ಅದು ನಡೆಯುತ್ತದೆ. ಹಿಟ್ಟು ಬಿದ್ದ ಮೇಲೆ ಜಾಲಿ ಕಟ್ಟಿಗೆಯ ಕೆಂಡವೇ ಬೇಕು. ಎರಡು ನಿಮಿಷ ಫೋನಿನಲ್ಲಿ ಮಾತಾಡಿ ಬಂದೆ. ಸೌಟು ಆಡಿಸಿದರೆ ತಳ ಗರಗರ ಅಂತು. ವಾಸನೆಯೂ ಬಂತು.

ನಾನು ಕೆರೆಯಲು ಹೊರಟಿದ್ದೆ. ವೈನಿ ಒಳಗಿನಿಂದಲೇ ಕೂಗಿದರು. "ಮುಟ್ಟಬ್ಯಾಡ! ಸೌಟ ತಗಿ!" ಮೂಗಿನಿಂದಲೇ ಗೊತ್ತಾಗಿತ್ತು ಅವರಿಗೆ. ಪತೇಲಿ ಇಳಿಸಿ, ತಳಕ್ಕೆ ಸೌಟು ತಾಗದಂತೆ ಮೇಲಿನದನ್ನಷ್ಟೇ ಇನ್ನೊಂದು ಬೋಗುಣಿಗೆ ಬಗ್ಗಿಸಿದೆವು. ತಳದಲ್ಲಿ ಎರಡು ಬೆರಳು ದಪ್ಪ ಬಿಟ್ಟೆವು. ಅದನ್ನು ಕೆರೆದರೆ ಸೀದ ವಾಸನೆ ಇಡೀ ಪತೇಲಿಗೆ ಹಬ್ಬುತ್ತದೆ. ಮೇಲಿನದಕ್ಕೆ ಸ್ವಲ್ಪ ಮಜ್ಜಿಗೆ, ಹೊಸದಾಗಿ ಜಜ್ಜಿದ ಬೆಳ್ಳುಳ್ಳಿ ಎಣ್ಣೆಯಲ್ಲಿ ಕಾಸಿ ಒಗ್ಗರಣೆ. ಹೊಲದಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗಿದ್ದು ಅಣ್ಣನಿಗೆ ಮಾತ್ರ, ಯಾಕೆಂದರೆ ಪತೇಲಿ ತಿಕ್ಕಿದ್ದು ಅವನು.

ಮೂರು ವರ್ಷ ಮಾಡಿದ ಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ಭಜ್ಜಿಗೆ ಒಂದೇ ಪಟ್ಟಿ ಅಂತ ಇಲ್ಲ. ಅಮಾವಾಸ್ಯೆ ಎಲ್ಲಿ ಬೀಳುತ್ತದೆ ಅನ್ನುವುದರ ಮೇಲೆ ಪತೇಲಿ ಬದಲಾಗುತ್ತದೆ. 2024ರಲ್ಲಿ ಜನವರಿ 11ಕ್ಕೆ ಬಿದ್ದಾಗ ಕಡಲೆ ತುಂಬಿ ಬಂದಿತ್ತು, ತೊಗರಿ ಬಲಿತಿತ್ತು. 2025ರಲ್ಲಿ ಡಿಸೆಂಬರ್ 19ಕ್ಕೇ ಬಂತು. ಸುಮಾರು ಮೂರು ವಾರ ಮುಂಚೆ. ಕಡಲೆ ಗಿಡ ಇನ್ನೂ ಹೂವಿನಲ್ಲಿತ್ತು, ಕಾಯಿ ಅಲ್ಲೊಂದು ಇಲ್ಲೊಂದು. ತೊಗರಿ ಎಳೇದು, ಬಾಯಲ್ಲಿ ಹಾಲು ಬರುವಂಥದ್ದು. ಆದರೆ ಎಲ್ಲಿತ್ತು ತೊಗರಿ? ಆಗಸ್ಟ್, ಸೆಪ್ಟೆಂಬರ್ ಮಳೆ ನಮ್ಮ ತಗ್ಗಿನ ಹೊಲದಲ್ಲಿ ವಾರಗಟ್ಟಲೆ ನಿಂತು ಬೇರು ಕೊಳೆಸಿತ್ತು. ದಿನ್ನೆ ಮೇಲಿನ ಹೊಲದಲ್ಲಿ ಒಂದಿಷ್ಟು ಉಳಿದಿತ್ತು. ಅಣ್ಣ ಸಾಲು ಸಾಲಿಗೆ ತಿರುಗಿ ಒಂದು ಬುಟ್ಟಿ ಕಾಯಿ ಕಿತ್ತು ತಂದ. ಸುಲಿದರೆ ಮುಕ್ಕಾಲು ಕಿಲೋ.

ನಾನು ಕಲಬುರಗಿಯಿಂದ ತರಲಾ ಅಂತ ಕೇಳಿದ್ದೆ. ವೈನಿ ಬೇಡ ಅಂದರು. ಹೊಲದ ಪೂಜೆಗೆ ಹೊಲದ್ದೇ ಆಗಬೇಕು, ಇದ್ದಷ್ಟು ಇರಲಿ. ಆ ವರ್ಷ ಅವರೆ ಜಾಸ್ತಿ ಹಾಕಿದೆವು, ಗಜ್ಜರಿ ಎರಡು ಹೆಚ್ಚಿಗೆ. ಕಡಲೆ ಕಾಯಿ ಇಲ್ಲದ್ದಕ್ಕೆ ಕಡಲೆ ಸೊಪ್ಪು ಎರಡು ಹಿಡಿ. ಸೊಪ್ಪು ಜಾಸ್ತಿ ಆದಾಗ ಹುಳಿ ತಾನೇ ಬರುತ್ತದೆ, ಅದಕ್ಕೇ ಹುಣಸೆ ಅರ್ಧಕ್ಕೆ ಇಳಿಸಿದೆ. ಇದನ್ನು ಯಾರೂ ಹೇಳಿಕೊಡಲಿಲ್ಲ, ನನಗೇ ಹೊಳೆಯಿತು. ಖರೆ ಹೇಳಬೇಕಂದರೆ ಮೂರರಲ್ಲಿ ಅದೇ ಚಲೋ ಭಜ್ಜಿ ಆಯಿತು. ಹಸಿರು ಬಣ್ಣ ಹಾಗೇ ಉಳಿದಿತ್ತು, ಕಾಳು ಮೆತ್ತಗೆ, ಬದನೆಕಾಯಿ ಇಡಿಯಾಗಿ.

ಈಗ ಕಲಬುರಗಿಯ ಮನೆಯಲ್ಲೂ ಚಳಿಗಾಲದಲ್ಲಿ ಒಂದೆರಡು ಸಲ ಮಾಡುತ್ತೇನೆ. ನಾಲ್ಕು ಮಂದಿಗೆ ಎಲ್ಲದರಲ್ಲೂ ಐದನೇ ಒಂದು ಪಾಲು, ಹಿಟ್ಟು ಅರವತ್ತು ಗ್ರಾಂ. ಕಾಯಿಯನ್ನೇ ತರುತ್ತೇನೆ, ಶನಿವಾರ ರಾತ್ರಿ ಟಿವಿ ಮುಂದೆ ಮಗಳು ನಾನು ಕೂತು ಸುಲಿಯುತ್ತೇವೆ. ಕುಕ್ಕರ್ ಬೇಡ, ದಪ್ಪ ತಳದ ಪಾತ್ರೆ ಸಾಕು. ರೊಟ್ಟಿ ಬಡಿಯಲು ಹೊತ್ತಿಲ್ಲದಾಗ ಕೊಂಡು ತರುತ್ತೇವೆ. ಈಗ ಜಿಲ್ಲಾಡಳಿತ 'ಕಲಬುರಗಿ ರೊಟ್ಟಿ' ಅಂತ ಹೆಸರಿಟ್ಟು ಮಹಿಳಾ ಸಂಘಗಳು ಮಾಡಿದ ರೊಟ್ಟಿ ಮಾರಿಸುತ್ತಿದೆ, ಭಜ್ಜಿಗೆ ಖಡಕ್ ರೊಟ್ಟಿ ಚಲೋ ಹೊಂದುತ್ತದೆ. ಉಳಿದ ಭಜ್ಜಿ ಮಾರನೇ ದಿನಕ್ಕೆ ಗಟ್ಟಿ ಆಗಿರುತ್ತದೆ. ಅದಕ್ಕೆ ನೀರು ಹಾಕಬೇಡಿ, ಮಜ್ಜಿಗೆ ಹಾಕಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಅದರಲ್ಲಿ ಖಡಕ್ ರೊಟ್ಟಿ ಮುರಿದು ಹಾಕಿ ಕಾಲು ತಾಸು ಬಿಟ್ಟರೆ, ಮೊದಲ ದಿನದ ಭಜ್ಜಿ ಯಾಕೆ ತಿಂದೆವೋ ಅನ್ನಿಸುತ್ತದೆ.

2025ರ ಆ ಬೆಳಿಗ್ಗೆ ಹಿಟ್ಟಿನ ಹೊತ್ತಿಗೆ ವೈನಿ ಒಲೆ ಬಳಿ ಬಂದರು. "ಈ ಸಲ ನಾ ಹಾಕ್ತೀನಿ" ಅಂದರು. ಎರಡು ವರ್ಷ ಆದ ಮೇಲೆ ಬಲಗೈ ಹಿಟ್ಟಿನ ಡಬ್ಬಿಗೆ ಹೋಯಿತು. ಒಂದು, ಎರಡು, ಮೂರು ಅಂತ ಎಣಿಸುತ್ತಾ ಆರು ಹಾಕಿದರು. ಮುಷ್ಟಿ ಪೂರ್ತಿ ಮುಚ್ಚುತ್ತಿರಲಿಲ್ಲ, ಕಿರುಬೆರಳ ಸಂದಿಯಿಂದ ಹಿಟ್ಟು ಡಬ್ಬಿಗೇ ಸುರಿಯುತ್ತಿತ್ತು. ನಾನು ನೋಡಿದೆ, ಏನೂ ಹೇಳಲಿಲ್ಲ. ಭಜ್ಜಿ ಕುದಿದ ಮೇಲೆ ರೊಟ್ಟಿ ಮೇಲೆ ಹಾಕಿ ನೋಡಿದರು. ಅಂಚು ದಾಟಿ ಹರಿದು ಅವರ ಮಣಿಕಟ್ಟಿಗೆ ಇಳಿಯಿತು. ಸ್ವಲ್ಪ ಹೊತ್ತು ರೊಟ್ಟಿ ಕೈಯಲ್ಲೇ ಹಿಡಿದು ನಿಂತರು. ಆಮೇಲೆ ಡಬ್ಬಿಯನ್ನು ಕಾಲಿನಿಂದ ನನ್ನ ಕಡೆ ತಳ್ಳಿ, "ನಿಂದೊಂದು ಮುಟಗಿ ಹಾಕು ಮಾಸ್ತರ. ಮಜ್ಜಿಗ್ಯಾಗ ಕಲಸಿ ಹಾಕು, ಮತ್ತ ಗಂಟು ಮಾಡೀ!" ಅಂದರು.